ಯೂರಿನ್ ಇನ್ಫೆಕ್ಷನ್‌ಗೆ 5 ದಿನದ ಮಾತ್ರೆ ಸಾಕಾ? ಅಮ್ಮನಿಗೆ 14 ದಿನ ಕೊಟ್ಟಿದ್ದರು

ಮುಂಗಾರುಹನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೀತಿದ್ದೀನಿ, ಉದ್ದ ಆದ್ರೆ ಕ್ಷಮಿಸಿ.

ನನಗೆ 34 ವರ್ಷ. ಹೋದ ವಾರ ಬೆಳಗ್ಗೆ ಏಳುತ್ತಲೇ ಉರಿಮೂತ್ರ. ಹತ್ತು ನಿಮಿಷಕ್ಕೊಮ್ಮೆ ಓಡಬೇಕು, ಹೋದರೆ ನಾಲ್ಕು ಹನಿ, ಆ ನಾಲ್ಕು ಹನಿಗೇ ಕಣ್ಣಲ್ಲಿ ನೀರು ಬರ್ತಿತ್ತು. ಜ್ವರ ಇರಲಿಲ್ಲ. ಯಜಮಾನರಿಗೆ ಯಾವಾಗಲೋ ಬರೆದುಕೊಟ್ಟಿದ್ದ ಸಿಪ್ರೋಫ್ಲಾಕ್ಸಸಿನ್ 500 ಮಾತ್ರೆ ಐದು ಉಳಿದಿತ್ತು. ಅದರಲ್ಲಿ ಎರಡು ನುಂಗಿದೆ. ಒಂದು ದಿನ ಹಗುರ ಅನ್ನಿಸ್ತು, ನಿಲ್ಲಿಸಿಬಿಟ್ಟೆ. ಮೂರನೇ ದಿನ ಉರಿ ದುಪ್ಪಟ್ಟಾಯ್ತು. ಆಗ ಡಾಕ್ಟರ ಹತ್ತಿರ ಹೋದೆ. ಕಲ್ಚರ್‌ಗೆ ಕಳಿಸಿದರು, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಪರೀಕ್ಷೆ.

ರಿಪೋರ್ಟ್ ಬಂದಿದೆ. ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಒಂದು ಮಿ.ಲೀ.ಗೆ 1 ಲಕ್ಷಕ್ಕಿಂತ ಹೆಚ್ಚು. ಸಿಪ್ರೋ ಮುಂದೆ ಆರ್, ಆಂಪಿಸಿಲಿನ್ ಮುಂದೆ ಆರ್, ಅಂದ್ರೆ ಬ್ಯಾಕ್ಟೀರಿಯಾ ಅವಕ್ಕೆ ಬಗ್ಗಲ್ಲ. ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್, ಮೆರೊಪೆನೆಮ್ ಮೂರಕ್ಕೂ ಎಸ್, ಅಂದ್ರೆ ಬಗ್ಗುತ್ತೆ. ಡಾಕ್ಟರು ನೈಟ್ರೋಫ್ಯುರಾಂಟೋಯಿನ್ 100 ಮಿ.ಗ್ರಾಂ, 12 ಗಂಟೆಗೊಂದು, 5 ದಿನ ಅಂತ ಬರೆದಿದ್ದಾರೆ. ಮೂರು ಮಾತ್ರೆ ಆಗಿದೆ, ಉರಿ ಇನ್ನೂ ಇದೆ.

ಅಮ್ಮನಿಗೆ ಇದೇ ಕಾಯಿಲೆಗೆ ಹಿಂದೆ 14 ದಿನ ಕೊಟ್ಟಿದ್ದರು. ನನಗೆ 5 ದಿನ ಸಾಲುತ್ತಾ? ಇನ್ನೊಂದು, ರಿಪೋರ್ಟಿನಲ್ಲಿ ನೈಟ್ರೋಫ್ಯುರಾಂಟೋಯಿನ್ ಪಕ್ಕ 16 ಅಂತಿದೆ, ಮೆರೊಪೆನೆಮ್ ಪಕ್ಕ 0.25. ಸಂಖ್ಯೆ ಚಿಕ್ಕದಿದ್ದರೆ ಔಷಧಿ ಜೋರು ಅಂತ ಎಲ್ಲೋ ಓದಿದೆ. ಹಾಗಾದರೆ ಜೋರಾದದ್ದನ್ನೇ ಯಾಕೆ ಕೊಡಲಿಲ್ಲ?

ದಾರಿಹೋಕ

5 ದಿನ ಕಡಿಮೆ. ಆಂಟಿಬಯಾಟಿಕ್ ಅರ್ಧಕ್ಕೆ ಬಿಟ್ಟರೆ ರೆಸಿಸ್ಟೆನ್ಸ್ ಬರುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೀವಿ. ನಾನಾಗಿದ್ದರೆ 10 ದಿನ ಕೇಳಿ ಬರೆಸಿಕೊಳ್ತಿದ್ದೆ.

ಎರಡನೇಪಾಳಿ

ಮುಂಗಾರುಹನಿ, ನಾನು ಜನರಲ್ ಮೆಡಿಸಿನ್ ವೈದ್ಯೆ. ನಿಮ್ಮನ್ನು ನೋಡದೆ ನಿಮ್ಮ ಚಿಕಿತ್ಸೆ ಬದಲಿಸುವ ಮಾತು ನಾನು ಆಡುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಅಮ್ಮನಿಗೆ 14 ದಿನ ಕೊಟ್ಟಾಗ ಅವರಿಗೆ ಜ್ವರ, ಮೈನಡುಕ, ಪಕ್ಕೆನೋವು ಇತ್ತೇ? ಯಾವ ಮಾತ್ರೆ ಅಂತ ನೆನಪಿದೆಯೇ?

ಮುಂಗಾರುಹನಿ

ಇತ್ತು ಡಾಕ್ಟರೇ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನೋಷ್ಟು ಚಳಿ. ಬಲಪಕ್ಕೆ ಮುಟ್ಟಲು ಬಿಡ್ತಿರಲಿಲ್ಲ, ವಾಂತಿ ಬೇರೆ. ಎರಡು ದಿನ ಅಡ್ಮಿಟ್ ಆಗಿದ್ದರು. ಮನೆಗೆ ಬಂದ ಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟಿದ್ದರು ಅಂತ ಅಮ್ಮ ಹೇಳ್ತಾರೆ.

ಎರಡನೇಪಾಳಿ

ಹಾಗಾದರೆ ಅಮ್ಮನಿಗೆ ಬಂದದ್ದೂ ನಿಮಗೆ ಬಂದದ್ದೂ ಒಂದೇ ಕಾಯಿಲೆ ಅಲ್ಲ. ಎರಡನ್ನೂ ನಾವು ಯೂರಿನ್ ಇನ್ಫೆಕ್ಷನ್ ಅಂತಲೇ ಕರೆಯುತ್ತೇವೆ, ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ನಿಮ್ಮದು ಮೂತ್ರಕೋಶದ ಸೋಂಕು. ಬ್ಯಾಕ್ಟೀರಿಯಾ ಇರುವುದು ಮೂತ್ರದಲ್ಲಿ ಮತ್ತು ಮೂತ್ರಕೋಶದ ಒಳಪದರದಲ್ಲಿ. ಅಮ್ಮನದು ಮೇಲೆ ಏರಿ ಕಿಡ್ನಿಗೆ ಹೋಗಿತ್ತು, ಪೈಲೋನೆಫ್ರೈಟಿಸ್ ಅನ್ನುತ್ತೇವೆ. ಕಿಡ್ನಿ ಅಂದರೆ ರಕ್ತ ತುಂಬಿ ಹರಿಯುವ ಗಟ್ಟಿ ಅಂಗ. ಅಲ್ಲಿಗೆ ಔಷಧಿ ತಲುಪಬೇಕಾದರೆ ರಕ್ತದಲ್ಲೂ ಅಂಗಾಂಶದಲ್ಲೂ ಸಾಕಷ್ಟು ಮಟ್ಟ ಬೇಕು.

ನೈಟ್ರೋಫ್ಯುರಾಂಟೋಯಿನ್ ಸ್ವಭಾವ ಇದಕ್ಕೆ ವಿರುದ್ಧ. ನುಂಗಿದ ಸ್ವಲ್ಪ ಹೊತ್ತಿಗೇ ಅದು ರಕ್ತದಿಂದ ಖಾಲಿಯಾಗಿ ಮೂತ್ರಕ್ಕೆ ಇಳಿದುಬಿಡುತ್ತದೆ. ರಕ್ತದಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ, ಮೂತ್ರದಲ್ಲಿ ಬೇಕಾದಷ್ಟು. ಅದಕ್ಕೇ ಮೂತ್ರಕೋಶದ ಸೋಂಕಿಗೆ ಇದು ಮೊದಲ ಸಾಲಿನ ಮದ್ದು, ಅದೇ ಕಾರಣಕ್ಕೆ ಕಿಡ್ನಿ ಸೋಂಕಿಗೆ ಇದನ್ನು ಕೊಡಲೇಬಾರದು. 1950ರ ದಶಕದಿಂದ ಬಳಕೆಯಲ್ಲಿರುವ ಈ ಔಷಧಿಗೆ ಇ. ಕೋಲಿ ಇವತ್ತಿಗೂ ಬಹುತೇಕ ಬಗ್ಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳನ್ನೂ ಇದು ಹೆಚ್ಚು ಕೆದಕುವುದಿಲ್ಲ.

ಬೇರೆ ತೊಡಕಿಲ್ಲದ ಮಹಿಳೆಯ ಮೂತ್ರಕೋಶದ ಸೋಂಕಿಗೆ ಮಾರ್ಗಸೂಚಿಗಳಲ್ಲಿರುವ ಅವಧಿ ಹೀಗಿದೆ: ನೈಟ್ರೋಫ್ಯುರಾಂಟೋಯಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ, 5 ದಿನ. ಕೋಟ್ರೈಮಾಕ್ಸಜೋಲ್ 160/800 ದಿನಕ್ಕೆ ಎರಡು ಸಲ, 3 ದಿನ. ಆದರೆ ಆ ಪ್ರದೇಶದ ಇ. ಕೋಲಿಯಲ್ಲಿ ಅದಕ್ಕೆ ಪ್ರತಿರೋಧ 20 ಪ್ರತಿಶತ ದಾಟಿದ್ದರೆ ಕಲ್ಚರ್ ನೋಡದೆ ಶುರುಮಾಡುವ ಹಾಗಿಲ್ಲ. ಫಾಸ್ಫೋಮೈಸಿನ್ ಆದರೆ 3 ಗ್ರಾಂ ಪುಡಿ ಒಂದೇ ಒಂದು ಸಲ. ಸೆಫಾಲೆಕ್ಸಿನ್ ತರಹದ್ದು ಆದರೆ 5ರಿಂದ 7 ದಿನ. ಅಂದರೆ ದಿನಗಳ ಲೆಕ್ಕ ಕಾಯಿಲೆಗೆ ಮಾತ್ರವಲ್ಲ, ಮದ್ದಿಗೂ ಅಂಟಿಕೊಂಡಿದೆ. 5 ದಿನ ನಿಮಗೆ ಪೂರ್ತಿ ಕೋರ್ಸ್, ಅರ್ಧ ಅಲ್ಲ.

ಅಮ್ಮನ 14 ದಿನ ಆಗಿನ ಪದ್ಧತಿಗೆ ಸರಿ. ಈಗ ಕಿಡ್ನಿ ಸೋಂಕಿಗೂ, ಚಿಕಿತ್ಸೆಗೆ ಬೇಗ ಬಗ್ಗಿದವರಿಗೆ, 7 ದಿನಕ್ಕೆ ಇಳಿದಿದ್ದೇವೆ.

ಸೂಕ್ಷ್ಮದರ್ಶಕ

ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ. ಆ 16 ಮತ್ತು 0.25 ಪ್ರಶ್ನೆ ನಮಗೆ ದಿನಾ ಫೋನಿನಲ್ಲಿ ಬರುತ್ತೆ, ಅದಕ್ಕೆ ನಾನು ಉತ್ತರ ಕೊಡ್ತೀನಿ.

ಆ ಸಂಖ್ಯೆಗೆ ಎಂಐಸಿ ಅಂತಾರೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯೋಕೆ ಒಂದು ಮಿ.ಲೀ.ನಲ್ಲಿ ಕನಿಷ್ಠ ಎಷ್ಟು ಮೈಕ್ರೋಗ್ರಾಂ ಔಷಧಿ ಬೇಕು ಅನ್ನೋ ಅಳತೆ ಅದು. ಒಂದು ಔಷಧಿಯ ಎಂಐಸಿಯನ್ನ ಇನ್ನೊಂದರ ಎಂಐಸಿ ಜೊತೆ ತೂಗಬಾರದು, ಯಾಕಂದ್ರೆ ಪ್ರತಿ ಔಷಧಿಗೂ ಪಾಸ್ ಗೆರೆ ಬೇರೆ. ನೈಟ್ರೋಫ್ಯುರಾಂಟೋಯಿನ್‌ಗೆ 32ರವರೆಗೂ ಎಸ್. ಮೆರೊಪೆನೆಮ್‌ಗೆ 1ರವರೆಗೆ ಮಾತ್ರ ಎಸ್. ಒಂದು ಮೂತ್ರದಲ್ಲಿ ಹೇರಳವಾಗಿ ತುಂಬಿಕೊಳ್ಳುತ್ತೆ, ಇನ್ನೊಂದನ್ನ ರಕ್ತದ ಮಟ್ಟಕ್ಕೆ ಹೊಂದಿಸಿ ಅಳೀತಾರೆ. ನಿಮ್ಮ 16 ಗೆರೆಯ ಒಳಗೇ ಇದೆ. ಬಹಳ ಯಂತ್ರಗಳು ನೈಟ್ರೋಫ್ಯುರಾಂಟೋಯಿನ್‌ಗೆ 16ಕ್ಕಿಂತ ಕೆಳಗೆ ಅಳೆಯೋದೇ ಇಲ್ಲ. ನಿಮ್ಮ ರಿಪೋರ್ಟಿನಲ್ಲಿ 16ರ ಹಿಂದೆ 'ಅಥವಾ ಅದಕ್ಕಿಂತ ಕಡಿಮೆ' ಅನ್ನೋ ಚಿಹ್ನೆ ಇದೆಯಾ ನೋಡಿ.

ಮೆರೊಪೆನೆಮ್ ಅನ್ನೋದು ರಕ್ತನಾಳಕ್ಕೆ ಕೊಡೋ ಔಷಧಿ. ಐಸಿಯುನಲ್ಲಿ ರಕ್ತಕ್ಕೇ ಸೋಂಕು ಹರಡಿದವರಿಗೆ ಬೇಕಾದದ್ದು. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾನ ನಾನು ಪ್ಲೇಟಿನ ಮೇಲೆ ನೋಡಿದ್ದೀನಿ. ಆ ರಿಪೋರ್ಟಿಗೆ ಸಹಿ ಹಾಕುವಾಗ ಕೈ ಭಾರ ಆಗುತ್ತೆ. ಮೂತ್ರಕೋಶದ ಉರಿಗೆ ಅದನ್ನ ಬರೆಯದೇ ಇದ್ದ ನಿಮ್ಮ ಡಾಕ್ಟರಿಗೆ ನನ್ನ ನಮಸ್ಕಾರ.

ಒಂದು ವಿಷಯ ಹೇಳಲೇಬೇಕು. ನೀವು ಸಿಪ್ರೋ ನುಂಗಿ ಆಮೇಲೆ ಸ್ಯಾಂಪಲ್ ಕೊಟ್ರಿ. ಈ ಸಲ ಬ್ಯಾಕ್ಟೀರಿಯಾ ಸಿಪ್ರೋಗೆ ಬಗ್ಗದ್ದು, ಅದಕ್ಕೇ ಬೆಳೀತು. ಬಗ್ಗುವಂಥದ್ದಾಗಿದ್ರೆ ಕಲ್ಚರ್‌ನಲ್ಲಿ 'ಬೆಳವಣಿಗೆ ಇಲ್ಲ' ಅಂತ ಬರೋ ಸಾಧ್ಯತೆ ಇತ್ತು. ಆಗ ಉರಿ ಇದ್ದರೂ ಕಾರಣ ಸಿಗದೆ ಕತ್ತಲಲ್ಲಿ ತಡಕಾಡಬೇಕಿತ್ತು. ಸ್ಯಾಂಪಲ್ ಮೊದಲು, ಮಾತ್ರೆ ಆಮೇಲೆ.

ಮುಂಗಾರುಹನಿ

ಬಗ್ಗದ ಬ್ಯಾಕ್ಟೀರಿಯಾ ಆಗಿದ್ರೆ ಒಂದು ದಿನ ಹಗುರ ಆಗಿದ್ದು ಹೇಗೆ?

ಸೂಕ್ಷ್ಮದರ್ಶಕ

ಸಿಪ್ರೋ ಕೂಡ ಮೂತ್ರದಲ್ಲಿ ಬಹಳ ಸಾಂದ್ರವಾಗಿ ಸೇರುತ್ತೆ. ಸ್ವಲ್ಪ ಕಾಲ ಅಡಗಿಸಿರಬಹುದು. ನೀರು ಹೆಚ್ಚು ಕುಡಿದಿದ್ರೂ ಉರಿ ತಗ್ಗುತ್ತೆ. ಹಗುರ ಆಯ್ತು ಅನ್ನೋದು ಸರಿಯಾದ ಮದ್ದು ಬಿತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ.

ಮದ್ದಿನಪೆಟ್ಟಿಗೆ

ಫಾರ್ಮಸಿ ಕೌಂಟರಿನಲ್ಲಿ 16 ವರ್ಷದಿಂದ ನಿಂತಿದ್ದೇನೆ. ಅಕ್ಕ, ನೀವು ಈಗ ನುಂಗುತ್ತಿರುವ ಮಾತ್ರೆ ಬಗ್ಗೆ ಒಂದೆರಡು ಮಾತು.

ನೈಟ್ರೋಫ್ಯುರಾಂಟೋಯಿನ್ ಎರಡು ಬಗೆಯಲ್ಲಿ ಸಿಗುತ್ತದೆ. ನಿಧಾನವಾಗಿ ಬಿಡುಗಡೆ ಆಗುವ 100 ಮಿ.ಗ್ರಾಂ ದಿನಕ್ಕೆ ಎರಡು ಸಲ. ಸಾಮಾನ್ಯ ಬಗೆಯದ್ದು 50 ಅಥವಾ 100 ಮಿ.ಗ್ರಾಂ, ಅದನ್ನು ದಿನಕ್ಕೆ ನಾಲ್ಕು ಸಲ ನುಂಗಬೇಕು. ಚೀಟಿಯಲ್ಲಿ ಎರಡು ಸಲ ಅಂತ ಬರೆದಿದ್ದು, ಕೈಗೆ ಸಿಕ್ಕಿದ್ದು ಸಾಮಾನ್ಯ ಬಗೆ ಆದರೆ ಮಧ್ಯದ ಗಂಟೆಗಳಲ್ಲಿ ಮೂತ್ರದಲ್ಲಿ ಔಷಧಿ ಸಾಲದೆ ಹೋಗುತ್ತದೆ. ಪಟ್ಟಿಯ ಹಿಂದೆ 'ಸಸ್ಟೈನ್ಡ್ ರಿಲೀಸ್' ಅಥವಾ 'ಮೋನೋಹೈಡ್ರೇಟ್' ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಬರೆದುಕೊಟ್ಟವರನ್ನೇ ಕೇಳಿ.

ಊಟದ ಜೊತೆಗೇ ನುಂಗಿ. ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ, ಔಷಧಿಯೂ ಹೆಚ್ಚು ಹೀರಿಕೊಳ್ಳುತ್ತದೆ. ಮೂತ್ರ ಕಡು ಹಳದಿ, ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧಿಯದೇ ಬಣ್ಣ. ಮೆಗ್ನೀಸಿಯಂ ಟ್ರೈಸಿಲಿಕೇಟ್ ಇರುವ ಆಂಟಾಸಿಡ್ ಜೊತೆಯಲ್ಲಿ ಬೇಡ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

ಕೆಮ್ಮು, ಉಸಿರು ಕಟ್ಟಿದ ಹಾಗೆ, ಜ್ವರ, ಮೈಮೇಲೆ ದದ್ದು, ಬೆರಳ ತುದಿ ಜುಮ್ಮೆನ್ನುವುದು ಇದರಲ್ಲಿ ಯಾವುದು ಬಂದರೂ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರಿಗೆ ಹೇಳಿ. ಅಪರೂಪ, ಆದರೆ ಇದೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರು ಇದನ್ನು ಮುಟ್ಟಲೇಬಾರದು, ರಕ್ತಕಣಗಳು ಒಡೆಯುತ್ತವೆ.

ದಾರಿಹೋಕ

ಎರಡನೇಪಾಳಿ ಮೇಡಂ, ಕೋರ್ಸ್ ಮುಗಿಸಿ ಅಂತ ನೀವೇ ಡಾಕ್ಟರುಗಳು ಹೇಳಿಕೊಟ್ಟಿದ್ದು. ಈಗ ಕಡಿಮೆ ದಿನ ಸಾಕು ಅಂದ್ರೆ ಜನ ಯಾವುದನ್ನ ನಂಬಬೇಕು? ನಿಜವಾಗಿ ಕೇಳ್ತಿದ್ದೀನಿ.

ಎರಡನೇಪಾಳಿ

ಕೇಳಬೇಕಾದ ಪ್ರಶ್ನೆ ಸರ್. ಹಳೆಯ ಮಾತಿನ ಹಿಂದಿನ ಕಾಳಜಿ ಸರಿಯೇ. ಕ್ಷಯದಂಥ ಕಾಯಿಲೆಯಲ್ಲಿ ಮಧ್ಯದಲ್ಲಿ ಬಿಟ್ಟರೆ ನಿಜಕ್ಕೂ ಪ್ರತಿರೋಧ ಹುಟ್ಟುತ್ತದೆ. ಅದನ್ನು ಎಲ್ಲ ಸೋಂಕಿಗೂ ಹಬ್ಬಿಸಿದ್ದು ನಮ್ಮ ತಪ್ಪು.

ನೀವು ಮೂತ್ರಕೋಶಕ್ಕೆಂದು ನುಂಗಿದ ಮಾತ್ರೆ ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ತಾಗುತ್ತದೆ. ಹೆಚ್ಚು ದಿನ ನುಂಗಿದಷ್ಟೂ ಅಲ್ಲಿ ಬಗ್ಗುವವು ಸಾಯುತ್ತವೆ, ಬಗ್ಗದವು ಜಾಗ ಹಿಡಿಯುತ್ತವೆ. ಮುಂದಿನ ಮೂತ್ರ ಸೋಂಕು ಬರುವುದು ಅದೇ ಕರುಳಿನಿಂದ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ದಿನ ನುಂಗುವುದೇ ಪ್ರತಿರೋಧಕ್ಕೆ ದಾರಿ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಗುಂಪೊಂದು ಇದನ್ನೇ ಬರೆದಾಗ ನಮ್ಮಲ್ಲೂ ದೊಡ್ಡ ಚರ್ಚೆಯಾಯಿತು.

ಆದರೆ ಇದರ ಅರ್ಥ ಹಗುರವಾದ ಕೂಡಲೇ ನಿಲ್ಲಿಸಿ ಎಂದಲ್ಲ. ಚೀಟಿಯಲ್ಲಿ 5 ದಿನ ಅಂತಿದ್ದರೆ 5 ದಿನ. ಆ 5ನ್ನು 3 ಮಾಡಬೇಡಿ, 10ನ್ನೂ ಮಾಡಬೇಡಿ. ಕಡಿಮೆ ಮಾಡಿದರೂ ತೊಂದರೆಯಿದೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 513 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ 5 ದಿನ ನೈಟ್ರೋಫ್ಯುರಾಂಟೋಯಿನ್, ಇನ್ನೊಬ್ಬರಿಗೆ ಒಂದೇ ಸಲದ ಫಾಸ್ಫೋಮೈಸಿನ್ ಕೊಟ್ಟರು. 28 ದಿನದ ನಂತರ ಪೂರ್ತಿ ಗುಣವಾದವರು ಮೊದಲ ಗುಂಪಿನಲ್ಲಿ 70 ಪ್ರತಿಶತ, ಎರಡನೆಯದರಲ್ಲಿ 58. ಅಲ್ಲಿ ನೈಟ್ರೋಫ್ಯುರಾಂಟೋಯಿನ್ ಕೊಟ್ಟದ್ದು ದಿನಕ್ಕೆ ಮೂರು ಸಲ ಎನ್ನುವುದನ್ನೂ ನೆನಪಿಡಬೇಕು. ಒಂದೇ ಡೋಸ್ ಅನ್ನುವುದು ಅನುಕೂಲ, ಆದರೆ ಆ ಅನುಕೂಲಕ್ಕೆ ಸ್ವಲ್ಪ ಬೆಲೆ ತೆರುತ್ತೇವೆ. ಮಾತ್ರೆ ಮರೆಯುವವರಿಗೆ ನಾನು ಈಗಲೂ ಫಾಸ್ಫೋಮೈಸಿನ್ ಬರೆಯುತ್ತೇನೆ.

ದಾರಿಹೋಕ

ಅರ್ಥ ಆಯ್ತು. ನನ್ನ ಮೊದಲ ಮಾತು ಹಿಂದಕ್ಕೆ ತಗೊಂಡೆ. ಗಂಡಸರಿಗೂ ಇದೇ ಲೆಕ್ಕಾನಾ? ನನಗೆ ಎರಡು ವರ್ಷದ ಹಿಂದೆ ಬಂದಿತ್ತು.

ಎರಡನೇಪಾಳಿ

ಅಲ್ಲ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಇದೆ, ನೈಟ್ರೋಫ್ಯುರಾಂಟೋಯಿನ್ ಅದರೊಳಗೆ ಇಳಿಯುವುದಿಲ್ಲ. ಗಂಡಸರಿಗೆ ಕಲ್ಚರ್ ಮಾಡಿಸದೆ ಚಿಕಿತ್ಸೆ ಮುಗಿಸಬಾರದು. ಜ್ವರವಿಲ್ಲದ ಗಂಡಸರಲ್ಲಿ ಸಿಪ್ರೋ ಅಥವಾ ಕೋಟ್ರೈಮಾಕ್ಸಜೋಲ್ 7 ದಿನ ಸಾಕೇ, 14 ಬೇಕೇ ಎಂದು 272 ಜನರ ಮೇಲೆ ನೋಡಿದ ಅಧ್ಯಯನ 2021ರಲ್ಲಿ ಬಂತು. 7 ದಿನದವರಲ್ಲಿ 93 ಪ್ರತಿಶತ, 14 ದಿನದವರಲ್ಲಿ 90 ಪ್ರತಿಶತ ಗುಣವಾಗಿದ್ದರು. ಪ್ರಾಸ್ಟೇಟಿಗೇ ಸೋಂಕು ತಗುಲಿದ್ದರೆ ಲೆಕ್ಕ ವಾರಗಳಿಗೆ ಹೋಗುತ್ತದೆ.

ನೆರಳುಮರ

ನಾನು ಬೇರೆ ವಿಷಯ ತಂದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ತಾಯಿಗೆ 82. ತೂಕ 45 ಕೆಜಿ. ಹಾಸಿಗೆ ಹಿಡಿದಿಲ್ಲ, ನಿಧಾನಕ್ಕೆ ಓಡಾಡುತ್ತಾರೆ. ಹತ್ತು ದಿನದಿಂದ ಸ್ವಲ್ಪ ಮಂಕು. ಮೂತ್ರ ವಾಸನೆ ಇತ್ತು ಅಂತ ಪರೀಕ್ಷೆ ಮಾಡಿಸಿದೆವು. ಪಸ್ ಸೆಲ್ಸ್ (ಕೀವಿನ ಕಣ) 20, ಕಲ್ಚರ್‌ನಲ್ಲಿ ಇ. ಕೋಲಿ 1 ಲಕ್ಷ. ಈ ವರ್ಷ ಇದು ನಾಲ್ಕನೇ ಸಲ. ಪ್ರತಿ ಸಲ ಆಂಟಿಬಯಾಟಿಕ್, ಪ್ರತಿ ಸಲ ಒಂದು ತಿಂಗಳಿಗೆ ರಿಪೋರ್ಟ್ ಮತ್ತೆ ಹಾಗೇ. ಹೋದ ಸಲದ ಮಾತ್ರೆಗೆ ಭೇದಿ ಹತ್ತಿ ಮಲಗಿದ್ದರು. ಈ ಸಲವೂ ನೈಟ್ರೋಫ್ಯುರಾಂಟೋಯಿನ್ ಬರೆದಿದ್ದಾರೆ, ನಾಳೆ ಬೆಳಗ್ಗೆ ಶುರು. ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, 1.1, ನಾರ್ಮಲ್ ಅಂತ ಲ್ಯಾಬ್‌ನವರು ಹೇಳಿದರು. ಏನು ಮಾಡಲಿ ತಿಳಿಯುತ್ತಿಲ್ಲ.

ಎರಡನೇಪಾಳಿ

ಬೇಸರ ಯಾಕೆ ಸರ್. ಈ ಪ್ರಶ್ನೆ ಇಲ್ಲಿಗೇ ಸೇರಬೇಕು. ಅಮ್ಮನಿಗೆ ಉರಿ ಇದೆಯೇ? ಹೊಸದಾಗಿ ಪದೇ ಪದೇ ಹೋಗುವುದು, ಕಿಬ್ಬೊಟ್ಟೆ ನೋವು, ಜ್ವರ?

ನೆರಳುಮರ

ಯಾವುದೂ ಇಲ್ಲ. ಕೇಳಿದೆ, ಉರಿ ಇಲ್ಲವೇ ಇಲ್ಲ ಅಂದರು. ಮಂಕು ಮಾತ್ರ. ಜ್ವರ ನೋಡಿದೆ, ಇಲ್ಲ.

ಎರಡನೇಪಾಳಿ

ನೆರಳುಮರ ಸರ್, ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದೇ ಕಾಯಿಲೆ ಅಲ್ಲ. ಆರೈಕೆ ಕೇಂದ್ರಗಳಲ್ಲಿರುವ ವೃದ್ಧೆಯರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನರಿಗೆ ಯಾವ ತೊಂದರೆಯೂ ಇಲ್ಲದೆ ಕಲ್ಚರ್ ಪಾಸಿಟಿವ್ ಇರುತ್ತದೆ. ಪಸ್ ಸೆಲ್ಸ್ ಕೂಡ ಇರುತ್ತವೆ. ವಾಸನೆ, ಮಬ್ಬು ಬಣ್ಣ ಇವೂ ಪುರಾವೆ ಅಲ್ಲ. ನೀರು ಕಡಿಮೆ ಕುಡಿದರೂ ವಾಸನೆ ಬರುತ್ತದೆ. ಲಕ್ಷಣವಿಲ್ಲದ ಬ್ಯಾಕ್ಟೀರಿಯಾಕ್ಕೆ ಮದ್ದು ಕೊಡಬೇಕಾದ್ದು ಮುಖ್ಯವಾಗಿ ಎರಡೇ ಸಂದರ್ಭದಲ್ಲಿ: ಗರ್ಭಿಣಿಯರಲ್ಲಿ, ಮತ್ತು ಮೂತ್ರನಾಳದಲ್ಲಿ ರಕ್ತ ಬರುವಂಥ ಶಸ್ತ್ರಕ್ರಿಯೆಗೆ ಮೊದಲು. 2019ರ ಅಮೆರಿಕದ ಸೋಂಕುರೋಗ ತಜ್ಞರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಸಕ್ಕರೆ ಕಾಯಿಲೆ ಇದ್ದರೂ, ವಯಸ್ಸಾಗಿದ್ದರೂ, ಲಕ್ಷಣ ಇಲ್ಲದಿದ್ದರೆ ಕೊಡುವುದಿಲ್ಲ. ಕೊಟ್ಟರೆ ಕೆಲವು ವಾರ ಹೋಗಿ ಮತ್ತೆ ಬರುತ್ತದೆ, ನಿಮ್ಮ ಮನೆಯಲ್ಲಿ ನಡೆದದ್ದೂ ಬಹುಶಃ ಅದೇ.

ಮಂಕಿಗೆ ಕಾರಣ ಹುಡುಕಬೇಕು. ಜ್ವರ, ರಕ್ತದೊತ್ತಡ ಕುಸಿತ, ಮೈ ತಣ್ಣಗಾಗುವುದು ಇಲ್ಲದಿದ್ದರೆ ಬೇರೆ ಕಡೆ ನೋಡಲು ಸಮಯವಿದೆ. ಸೋಡಿಯಂ ಕಡಿಮೆಯೇ, ಮಲಬದ್ಧತೆಯೇ, ನೀರು ಸಾಲದೇ, ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ, ಬಿದ್ದಿದ್ದರೇ. ಮೂತ್ರದ ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಈ ಹುಡುಕಾಟ ನಿಂತುಹೋಗುತ್ತದೆ ಅನ್ನುವುದೇ ನನಗೆ ಬಹಳ ನೋವು ಕೊಡುವ ವಿಷಯ.

ಇನ್ನು ಕ್ರಿಯಾಟಿನಿನ್. 1.1 ಎಂಬುದು ಮೂವತ್ತರ ಹುಡುಗನಿಗೆ ನಾರ್ಮಲ್. ಮೈಯಲ್ಲಿ ಮಾಂಸ ಕಡಿಮೆಯಿದ್ದರೆ ಕಿಡ್ನಿ ಕುಗ್ಗಿದ್ದರೂ ಈ ಸಂಖ್ಯೆ ಏರುವುದಿಲ್ಲ. ಔಷಧಿ ಡೋಸ್ ಹೊಂದಿಸಲು ನಾವು ಹೀಗೆ ಲೆಕ್ಕ ಹಾಕುತ್ತೇವೆ: 140ರಲ್ಲಿ ವಯಸ್ಸು ಕಳೆದರೆ 58. ಅದನ್ನು ತೂಕ 45ರಿಂದ ಗುಣಿಸಿದರೆ 2610. 72 ಗುಣಿಸು 1.1, ಅಂದರೆ 79.2ರಿಂದ ಭಾಗಿಸಿದರೆ ಸುಮಾರು 33. ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ 28. ಅಂದರೆ ಕಿಡ್ನಿ ರಕ್ತ ಸೋಸುವ ವೇಗ ನಿಮಿಷಕ್ಕೆ ಸುಮಾರು 28 ಮಿ.ಲೀ. 30ಕ್ಕಿಂತ ಕೆಳಗೆ ನೈಟ್ರೋಫ್ಯುರಾಂಟೋಯಿನ್ ಬಳಸುವುದಿಲ್ಲ. ಕೆಲವು ದೇಶಗಳಲ್ಲಿ 45ರ ಕೆಳಗೇ ಎಚ್ಚರಿಸುತ್ತಾರೆ. ಅದು ಮೂತ್ರಕ್ಕೆ ಸರಿಯಾಗಿ ಇಳಿಯುವುದಿಲ್ಲ, ದೇಹದಲ್ಲೇ ಉಳಿದು ನರಗಳಿಗೆ ತೊಂದರೆ ಮಾಡುತ್ತದೆ.

ನಾಳೆ ಮಾತ್ರೆ ಶುರುಮಾಡುವ ಮೊದಲು ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಎರಡೇ ವಾಕ್ಯ ಹೇಳಿ: 'ಅಮ್ಮನಿಗೆ ಉರಿ, ಜ್ವರ ಯಾವುದೂ ಇಲ್ಲ. ತೂಕ 45, ಕ್ರಿಯಾಟಿನಿನ್ 1.1.' ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ಈ ಮಧ್ಯೆ ಜ್ವರ, ನಡುಕ ಬಂದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೆರಳುಮರ

ಮೇಡಂ, ಹೊಸ ಮಾತ್ರೆ ಅಂದಾಗ ಹೊಳೆಯಿತು. ಎರಡು ವಾರದ ಹಿಂದೆ ನಿದ್ದೆಗೆ ಅಂತ ಒಂದು ಶುರುವಾಗಿದೆ. ನಾಳೆ ಅದನ್ನೂ ಹೇಳುತ್ತೇನೆ.

ಹೊಸಹೆಜ್ಜೆ

ಗರ್ಭಿಣಿಯರು ಅಂದಿದ್ದಕ್ಕೆ ಕೇಳ್ತಿದ್ದೀನಿ. ನನಗೆ 37 ವಾರ. ಉರಿ ಇಲ್ಲ, ಆದರೂ ಕಲ್ಚರ್ ಪಾಸಿಟಿವ್. ಸೆಫಾಲೆಕ್ಸಿನ್ ಕೊಟ್ಟಿದ್ದಾರೆ. ಐದನೇ ತಿಂಗಳಲ್ಲಿ ಇದೇ ಆದಾಗ ನೈಟ್ರೋಫ್ಯುರಾಂಟೋಯಿನ್ ಕೊಟ್ಟಿದ್ದರು. ಯಾಕೆ ಬದಲಾಯಿತು?

ಎರಡನೇಪಾಳಿ

ಸರಿಯಾಗಿಯೇ ಬದಲಾಯಿಸಿದ್ದಾರೆ ಅಮ್ಮ. ಹೆರಿಗೆ ಹತ್ತಿರವಾದಾಗ ನೈಟ್ರೋಫ್ಯುರಾಂಟೋಯಿನ್ ಕೊಟ್ಟರೆ ಹುಟ್ಟಿದ ಮಗುವಿನ ಕೆಂಪು ರಕ್ತಕಣ ಒಡೆಯುವ ಅಪಾಯವಿದೆ. ಕೋಟ್ರೈಮಾಕ್ಸಜೋಲನ್ನು ಮೊದಲ ಮೂರು ತಿಂಗಳಲ್ಲೂ ಕೊನೆಯಲ್ಲೂ ತಪ್ಪಿಸುತ್ತೇವೆ. ಸಿಪ್ರೋ ಗುಂಪನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಉರಿ ಇಲ್ಲದಿದ್ದರೂ ನಿಮಗೆ ಕೊಡುವುದು ಯಾಕೆಂದರೆ, ಗರ್ಭಿಣಿಯಾಗಿರುವಾಗ ಮೂತ್ರನಾಳ ಸಡಿಲವಾಗಿ ಹಿಗ್ಗಿರುತ್ತದೆ, ಸೋಂಕು ಕಿಡ್ನಿಗೆ ಏರುವುದು ಸುಲಭ. ಕೋರ್ಸ್ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಿಸಲು ಹೇಳಿರುತ್ತಾರೆ, ತಪ್ಪಿಸಬೇಡಿ.

ಕಿಟಕಿಪಕ್ಕ

ನನಗೆ 61. ಮುಟ್ಟು ನಿಂತ ಮೇಲೆ ವರ್ಷಕ್ಕೆ ಐದಾರು ಸಲ ಉರಿಮೂತ್ರ ಬರುತ್ತಿತ್ತು. ತಡೆಯಲೆಂದು ಒಬ್ಬ ವೈದ್ಯರು ದಿನಾ ರಾತ್ರಿ ನೈಟ್ರೋಫ್ಯುರಾಂಟೋಯಿನ್ 100 ಮಿ.ಗ್ರಾಂ ಬರೆದರು. ನಿಲ್ಲಿಸುವ ದಿನ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಂಟು ತಿಂಗಳಾದ ಮೇಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತು ಅಂದುಕೊಂಡೆ. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಉರಿಯೂತ. ಮಾತ್ರೆ ನಿಲ್ಲಿಸಿದ ಮೇಲೆ ನಿಧಾನವಾಗಿ ಸುಧಾರಿಸಿತು, ಆದರೂ ಹಿಂದಿನ ಉಸಿರು ಪೂರ್ತಿ ಮರಳಿಲ್ಲ. ತಂಗಿಯರೇ, 5 ದಿನದ ಕೋರ್ಸಿಗೆ ಹೆದರಬೇಡಿ. ತಿಂಗಳುಗಟ್ಟಲೆ ನುಂಗುವುದಾದರೆ ಮಾತ್ರ ಎಷ್ಟು ದಿನ, ಯಾವಾಗ ಎದೆ ಮತ್ತು ಲಿವರ್ ಪರೀಕ್ಷೆ ಎಂದು ಕೇಳಿ ಬರೆಸಿಕೊಳ್ಳಿ.

ಈಗ ನನಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಮತ್ತು ಮೆಥೆನಮಿನ್ ಹಿಪ್ಯುರೇಟ್ 1 ಗ್ರಾಂ ದಿನಕ್ಕೆ ಎರಡು ಸಲ ಕೊಟ್ಟಿದ್ದಾರೆ. ಒಂದೂವರೆ ವರ್ಷದಲ್ಲಿ ಒಂದೇ ಸಲ ಬಂದಿದೆ.

ಮದ್ದಿನಪೆಟ್ಟಿಗೆ

ಅಮ್ಮ, ಬರೆದದ್ದು ಬಹಳ ಒಳ್ಳೆಯದಾಯಿತು. ಕೌಂಟರಿನಲ್ಲಿ ನಾವೂ ಹಳೇ ಚೀಟಿಗೆ ಕೊಡುತ್ತಾ ಹೋಗುತ್ತೇವೆ. ಇನ್ನು ಮೇಲೆ ಎಷ್ಟು ತಿಂಗಳಾಯಿತು ಎಂದು ಕೇಳುತ್ತೇನೆ.

ಎರಡನೇಪಾಳಿ

ಕಿಟಕಿಪಕ್ಕ ಅವರ ಕೆಮ್ಮಿನ ಮಾತನ್ನು ದಯವಿಟ್ಟು ಎಲ್ಲರೂ ನೆನಪಿಡಿ. ಆರು ತಿಂಗಳು ದಾಟಿದ ಮೇಲೆ ಈ ತೊಂದರೆ ಹೆಚ್ಚಾಗಿ ಕಾಣಿಸುತ್ತದೆ. ಮೆಥೆನಮಿನ್ ಆಂಟಿಬಯಾಟಿಕ್ ಅಲ್ಲ. ಆಮ್ಲೀಯ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಆಗಿ ಕೆಲಸ ಮಾಡುತ್ತದೆ. ಹಾಗಾಗಿ ಅದಕ್ಕೆ ಪ್ರತಿರೋಧದ ಗೋಳು ಇಲ್ಲ. 2022ರಲ್ಲಿ ಬಂದ ಬ್ರಿಟನ್ ಅಧ್ಯಯನದಲ್ಲಿ ಸೋಂಕು ತಡೆಯುವುದರಲ್ಲಿ ಅದು ದಿನಾ ಆಂಟಿಬಯಾಟಿಕ್ ನುಂಗುವುದಕ್ಕಿಂತ ಗಣನೀಯವಾಗಿ ಹಿಂದೆ ಬೀಳಲಿಲ್ಲ.

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತೇವೆ. ಮುಟ್ಟು ನಿಲ್ಲದ, ನೀರು ಕಡಿಮೆ ಕುಡಿಯುವ ಹೆಂಗಸರಿಗೆ ಮೊದಲ ಮದ್ದು ನೀರೇ. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ಕುಡಿದ ಗುಂಪಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂದರೆ, ಕುಡಿಯದ ಗುಂಪಿಗೆ 3.2 ಸಲ ಬಂತು. ಇದೂ 2018ರ ಅಧ್ಯಯನ, 140 ಮಹಿಳೆಯರು.

ಮುಂಗಾರುಹನಿ

ಇವತ್ತು ಮೂರನೇ ದಿನ. ಬೆಳಗ್ಗೆ ಉರಿ ಇರಲಿಲ್ಲ! ನಿನ್ನೆ ಸಂಜೆಯಿಂದಲೇ ಓಡಾಟ ಕಡಿಮೆ. ಪಟ್ಟಿ ನೋಡಿದೆ, ಸಸ್ಟೈನ್ಡ್ ರಿಲೀಸ್ ಅಂತಲೇ ಇದೆ. ಮೂತ್ರ ಕಂದು ಬಣ್ಣ, ನೀವು ಹೇಳಿರದಿದ್ರೆ ಓಡಿಹೋಗ್ತಿದ್ದೆ. 16ರ ಹಿಂದೆ ಆ ಚಿಹ್ನೆನೂ ಇದೆ. ಕೋರ್ಸ್ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಿಸಬೇಕಾ?

ಎರಡನೇಪಾಳಿ

ಉರಿ ಹೋಗಿದ್ದರೆ ಬೇಡ. ಗರ್ಭಿಣಿ ಅಲ್ಲದ, ಲಕ್ಷಣವಿಲ್ಲದವರಿಗೆ ಮರುಪರೀಕ್ಷೆ ಮಾಡಿದರೆ ಸುಮ್ಮನೆ ಬ್ಯಾಕ್ಟೀರಿಯಾ ಸಿಕ್ಕಿ, ಬೇಡದ ಮಾತ್ರೆ ಶುರುವಾಗುತ್ತದೆ. ಎರಡು ವಾರದೊಳಗೆ ಮತ್ತೆ ಉರಿ ಬಂದರೆ ಮಾತ್ರ ಮಾಡಿಸಿ. ಜ್ವರ, ಪಕ್ಕೆನೋವು, ವಾಂತಿ ಬಂದರೆ ಈ ಮಾತ್ರೆ ಸಾಲದು, ಅದೇ ದಿನ ಹೋಗಿ.

ಮುಂಗಾರುಹನಿ

ಸರಿ ಡಾಕ್ಟರೇ. ಉಳಿದ ಮೂರು ಸಿಪ್ರೋ ಏನು ಮಾಡಲಿ? ಯಜಮಾನರು ಇರಲಿ ಅಂತಾರೆ.

ಮದ್ದಿನಪೆಟ್ಟಿಗೆ

ಇಟ್ಟುಕೊಳ್ಳಬೇಡಿ ಅಕ್ಕ. ಮೂರು ಮಾತ್ರೆ ಬಹುತೇಕ ಸೋಂಕುಗಳಿಗೆ ಪೂರ್ತಿ ಕೋರ್ಸ್ ಆಗುವುದಿಲ್ಲ. ಸಿಪ್ರೋ ಗುಂಪಿನಿಂದ ಸ್ನಾಯುರಜ್ಜು ಹರಿದುಹೋಗುವ ಅಪಾಯಕ್ಕೆ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಅತಿ ಗಂಭೀರ ಎಚ್ಚರಿಕೆ ಹಾಕಿದರು. ಬೇರೆ ಆಯ್ಕೆ ಇರುವಾಗ ಸಾದಾ ಮೂತ್ರ ಸೋಂಕಿಗೆ ಇದು ಬೇಡ ಎಂದು 2016ರಲ್ಲಿ ಹೇಳಿದರು. ಔಷಧಿ ವಾಪಸ್ ತೆಗೆದುಕೊಳ್ಳುವ ಕಡೆ ಇದ್ದರೆ ಕೊಡಿ. ಚರಂಡಿಗೆ, ಕಮೋಡಿಗೆ ಹಾಕಬೇಡಿ, ನೀರಿಗೆ ಸೇರುತ್ತದೆ.

ನೆರಳುಮರ

ತಾಯಿಯ ಸುದ್ದಿ ಹೇಳಬೇಕು. ಬೆಳಗ್ಗೆ ಫೋನ್ ಮಾಡಿ ಆ ಎರಡು ವಾಕ್ಯ ಮತ್ತು ನಿದ್ದೆ ಮಾತ್ರೆಯ ವಿಷಯ ಹೇಳಿದೆ. ವೈದ್ಯರು ಒಂದು ನಿಮಿಷ ಸುಮ್ಮನಿದ್ದು, ಆಂಟಿಬಯಾಟಿಕ್ ಶುರುಮಾಡಬೇಡಿ, ನಿದ್ದೆ ಮಾತ್ರೆ ನಿಲ್ಲಿಸಿ, ಸೋಡಿಯಂ ಪರೀಕ್ಷೆ ಮಾಡಿಸಿ ಅಂದರು. ಸೋಡಿಯಂ ಸರಿ ಇದೆ. ಇದು ನಾಲ್ಕನೇ ದಿನ. ಜ್ವರ ಬಂದಿಲ್ಲ. ಇವತ್ತು ಮಧ್ಯಾಹ್ನ ಕನ್ನಡಕ ಎಲ್ಲಿಟ್ಟೆ ಅಂತ ನನ್ನನ್ನೇ ಗದರಿದರು. ಹದಿನೈದು ದಿನದ ನಂತರ ಅವರ ದನಿ ಕೇಳಿದ ಹಾಗಾಯಿತು.